ದುಆದಲ್ಲಿ ಸೇರಿದ ಊರು

2025ರ ನವೆಂಬರ್ ತಿಂಗಳ ಮೊದಲ ವಾರ. ರಾತ್ರಿ ದಸ್ತರ್‌ಖಾನ್ ಹಾಸಿ ಊಟಕ್ಕೆ ಕೂತಿದ್ದೆವು. ನಾನು ಹುರುಪಿನಿಂದಲೇ ವಿಷಯ ತೆಗೆದೆ. ದುಬೈಯಲ್ಲಿರುವ ನನ್ನ ಮಾಮುವಿನ ಮಗ ಹೆಂಡತಿಯೊಂದಿಗೆ ಡಿಸೆಂಬರಿನಲ್ಲಿ ರಜೆಗೆ ಬರುವವನಿದ್ದ. ಬರುವಾಗ ನನ್ನ ಮಗಳಿಗೊಂದು ಚಿನ್ನದ ಸರ ತರಲು ಹೇಳಿದ್ದೆ. ನಾಲ್ಕು ವರ್ಷ ಚೀಟಿ ಕಟ್ಟಿ ಕೂಡಿಸಿದ ಹಣ. ಹೆಣ್ಣುಮಕ್ಕಳಿರುವ ಮನೆಗಳಲ್ಲಿ ತಾಯಂದಿರು ಗುಲಗಂಜಿ ತೂಕದಿಂದ ಹೇಗೆ ಚಿನ್ನ ಕೂಡಿಸುತ್ತಾರೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಗಳಿಗೆ ಹದಿನೇಳು. ದ್ವಿತೀಯ ಪಿಯುಸಿ. ತಟ್ಟೆಯಿಂದ ತಲೆ ಎತ್ತದೆಯೇ ಹೇಳಿದಳು: "ನನಗೆ ಬೇಡ ಅಮ್ಮಿ. ದುಬೈ ಚಿನ್ನ ನಾನು ಹಾಕಿಕೊಳ್ಳುವುದಿಲ್ಲ."

ಈಗಿನ ಮಕ್ಕಳಿಗೆ ಚಿನ್ನ ಹಳೆಯ ಫ್ಯಾಷನ್ ಆಗಿರಬಹುದು ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ. "ಸುಡಾನಿನ ಚಿನ್ನದಲ್ಲಿ ಬಹುಪಾಲು ಹೋಗುವುದು ಎಮಿರೇಟ್ಸ್‌ಗೆ. ಅಲ್ಲಿ ಯುದ್ಧ ನಡೆಯುತ್ತಿರುವುದೇ ಆ ಚಿನ್ನದ ಹಣದಿಂದ. ಅಲ್-ಫಾಶಿರ್ ಎಂಬ ಊರಿನ ಹೆಸರು ಕೇಳಿದ್ದೀರಾ?" ಎಂದಳು.

ನಾನು ಕೇಳಿರಲಿಲ್ಲ. ಕೇಳಿಲ್ಲವೆಂದು ಹೇಳಲು ಮನಸ್ಸಾಗದೆ, "ಎಲ್ಲ ದೇಶದಲ್ಲೂ ಜಗಳ ಇದ್ದೇ ಇರುತ್ತದೆ" ಎಂದೆ. ಅಲ್ಲಿಂದ ಮಾತು ಬೆಳೆಯಿತು. 2023ರ ಅಕ್ಟೋಬರಿನಿಂದ ನಮ್ಮ ಮನೆಗೆ ಕೆಲವು ಕಂಪನಿಗಳ ತಂಪು ಪಾನೀಯ ಬರುವುದಿಲ್ಲ. ನಿಲ್ಲಿಸಿದವಳು ನಾನೇ. ಗಾಝಾದ ಮಕ್ಕಳ ಚಿತ್ರಗಳನ್ನು ನೋಡಿ ಎಷ್ಟೋ ರಾತ್ರಿ ನಿದ್ದೆ ಬಾರದೆ ಎದ್ದು ಕೂತಿದ್ದೇನೆ. ಅದನ್ನೇ ಹೇಳಿದೆ. "ನಾನು ಅತ್ತದ್ದು ಸುಳ್ಳಾ?"

"ಸುಳ್ಳು ಅಂತ ನಾನು ಹೇಳಲಿಲ್ಲ. ನಾನೂ ಅತ್ತಿದ್ದೇನೆ. ಆದರೆ ನೀವು ಮೊದಲು ಕೊಂದವನು ಯಾರು ಅಂತ ನೋಡುತ್ತೀರಿ. ಆಮೇಲೆ ಅಳಬೇಕೋ ಬೇಡವೋ ಅಂತ ತೀರ್ಮಾನ ಮಾಡುತ್ತೀರಿ. ಅಲ್-ಫಾಶಿರ್‌ನಲ್ಲಿ ಕೊಂದವರೂ ಕಲಿಮಾ ಓದುವವರು, ಸತ್ತವರೂ ಕಲಿಮಾ ಓದುವವರು. ಅದಕ್ಕೇ ನಮ್ಮ ಮೊಹಲ್ಲಾದಲ್ಲಿ ಯಾರಿಗೂ ಆ ಊರಿನ ಹೆಸರು ಗೊತ್ತಿಲ್ಲ. ಮಕ್ಕಳಿಗೆ ಬಿಲಾಲ್ ಅಂತ ಹೆಸರಿಡುತ್ತೇವೆ, ಆ ಬಣ್ಣದ ಜನ ಸತ್ತರೆ ಮಾತ್ರ ನಮಗೆ ಗೊತ್ತೇ ಆಗುವುದಿಲ್ಲ."

"ನಿನಗೇನು ಗೊತ್ತು! ನಿನ್ನೆ ಮೊನ್ನೆ ಹುಟ್ಟಿದವಳು" ಎಂದು ನಾನು ಗದರಿದೆ. ಅವಳು ಎದ್ದು ಕೈ ತೊಳೆದು ಕೋಣೆಗೆ ಹೋದಳು. ನನ್ನವರು ಸುಮ್ಮನೆ ಅನ್ನಕ್ಕೆ ಸಾರು ಬಡಿಸಿಕೊಂಡರು.

ಗದರಿದ ಮೇಲೆ ನನಗೇ ಬೆಚ್ಚಿದಂತಾಯಿತು. ಆ ಮಾತು ನನ್ನದಲ್ಲ. ಮೂವತ್ತನಾಲ್ಕು ವರ್ಷಗಳ ಹಿಂದೆ ಅಬ್ಬಾ ನನಗೆ ಹೇಳಿದ್ದ ಮಾತು. ಅದೇ ಶಬ್ದಗಳು, ಅದೇ ಸ್ವರ.

* * *

ಭದ್ರಾವತಿಯ ಹಳೇನಗರದಲ್ಲಿ ಅಬ್ಬಾರದ್ದೊಂದು ಟೈಲರ್ ಅಂಗಡಿ ಇತ್ತು. ಎರಡು ಹೊಲಿಗೆ ಯಂತ್ರ, ಒಂದು ಕಟಿಂಗ್ ಟೇಬಲ್, ಒಂದು ಬೆಂಚು, ಒಂದು ರೇಡಿಯೋ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ ನಾನು 1990ರ ಜೂನಿನಲ್ಲಿ ಎಂಟನೇ ತರಗತಿಗೆ ಕನ್ನಡ ಶಾಲೆ ಸೇರಿದ್ದೆ. ಅಬ್ಬಾರಿಗೆ ಕನ್ನಡ ಮಾತು ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಸಂಜೆ ಅಂಗಡಿಗೆ ಹೋಗಿ ಕನ್ನಡ ಪತ್ರಿಕೆ ಓದಿ ಹೇಳುವುದು ನನ್ನ ಕೆಲಸ. ಉರ್ದು ಪತ್ರಿಕೆಯನ್ನು ಅವರೇ ಓದುತ್ತಿದ್ದರು. ರಾತ್ರಿ ಬಿಬಿಸಿ ಉರ್ದು ವಾರ್ತೆ ಕೇಳಲು ಬೆಂಚಿನ ಮೇಲೆ ನಾಲ್ಕೈದು ಜನ ಸೇರುತ್ತಿದ್ದರು.

ಆ ವರ್ಷದ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿತು. ನನ್ನ ಮಾಮು ಅಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಒಂದು ತಿಂಗಳಿಗೂ ಹೆಚ್ಚು ಕಾಲ ಅವರ ಸುದ್ದಿಯೇ ಇಲ್ಲ. ಅಮ್ಮಾ ಮುಸಲ್ಲಾ ಬಿಟ್ಟು ಏಳುತ್ತಿರಲಿಲ್ಲ. ಕೊನೆಗೆ ಸೆಪ್ಟೆಂಬರಿನಲ್ಲಿ ಮಾಮು ಬಂದರು. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನಿನ ಮರಳುಗಾಡಿನ ಡೇರೆಗಳಲ್ಲಿ ಕಾದು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ. ಹಾಗೆ ಆ ಎರಡು ತಿಂಗಳಲ್ಲಿ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರೆತಂದರು. ಮಾಮುವಿನ ಕೈಯಲ್ಲಿದ್ದುದು ಒಂದು ರೆಕ್ಸಿನ್ ಚೀಲ. ಅದರಲ್ಲಿ ಎರಡು ಅಂಗಿ, ಒಂದು ಟೆಸ್ಟರ್, ಯಾರೂ ತೆಗೆದುಕೊಳ್ಳದ ಒಂದಿಷ್ಟು ಕುವೈತಿ ದಿನಾರ್ ನೋಟುಗಳು. ಏಳು ತಿಂಗಳ ಸಂಬಳ ಅಲ್ಲೇ ಉಳಿದಿತ್ತು.

ಇಷ್ಟಾದ ಮೇಲೂ ಅಕ್ಟೋಬರಿನಲ್ಲಿ ಅಬ್ಬಾರ ಅಂಗಡಿಯ ಗೋಡೆಯ ಮೇಲೆ ಸದ್ದಾಮನ ಪಟ ಬಂತು! ಸೈನ್ಯದ ಟೋಪಿ, ದಪ್ಪ ಮೀಸೆ, ಎತ್ತಿದ ಕೈ. ನನಗೆ ನಂಬಲಾಗಲಿಲ್ಲ. "ಮಾಮುವನ್ನು ಬೀದಿಗೆ ಹಾಕಿದವನು ಇವನೇ ಅಲ್ಲವಾ?" ಎಂದು ಕೇಳಿದೆ. ಅಬ್ಬಾ ಗಜಕಡ್ಡಿಯಿಂದ ಬಟ್ಟೆ ಅಳೆಯುತ್ತಾ, "ಅಮೆರಿಕದ ಎದುರು ಎದೆ ಕೊಟ್ಟು ನಿಂತ ಒಬ್ಬನೇ ಗಂಡಸು" ಎಂದರು. ಬೆಂಚಿನ ಮೇಲಿದ್ದವರು ತಲೆಯಾಡಿಸಿದರು. ಫೆಲೆಸ್ತೀನಿಗಾಗಿ ದನಿ ಎತ್ತಿದ, ಇಸ್ರೇಲಿಗೆ ಬುದ್ಧಿ ಕಲಿಸುತ್ತಾನೆ, ಇವನು ಈ ಕಾಲದ ಸಲಾಹುದ್ದೀನ್ ಎಂದೆಲ್ಲ ಮಾತು.

ಒಂದು ವಿಚಿತ್ರವೆಂದರೆ, ಮಾಮು ಅಂಗಡಿ ಕಡೆ ಬರುವುದು ಕಂಡರೆ ಅಬ್ಬಾ ಆ ಪಟವನ್ನು ಮೊಳೆಯಿಂದ ತೆಗೆದು ಕಟಿಂಗ್ ಟೇಬಲ್ಲಿನ ಕೆಳಗೆ ಇಡುತ್ತಿದ್ದರು. ಮಾಮು ಹೋದ ಮೇಲೆ ಮತ್ತೆ ತೂಗುಹಾಕುತ್ತಿದ್ದರು. ಮಾಮುವಿಗೆ ಎರಡು ಪ್ಯಾಂಟನ್ನೂ ಹೊಲಿದುಕೊಟ್ಟರು, ಹಣ ತೆಗೆದುಕೊಳ್ಳಲಿಲ್ಲ.

ಶಾಲೆ ಬಿಟ್ಟ ಮೇಲೆ ನಾನು ಗ್ರಂಥಾಲಯದಲ್ಲಿ ಕೂತು ಸಿಕ್ಕಿದ್ದೆಲ್ಲ ಓದುತ್ತಿದ್ದೆ. ಒಂದು ಹಳೆಯ ವಾರಪತ್ರಿಕೆಯಲ್ಲಿ ಹಲಬ್ಜಾ ಎಂಬ ಊರಿನ ಕತೆ ಸಿಕ್ಕಿತು. 1988ರ ಮಾರ್ಚ್‌ನಲ್ಲಿ ಸದ್ದಾಮನ ವಿಮಾನಗಳು ಆ ಕುರ್ದಿ ಊರಿನ ಮೇಲೆ ವಿಷಾನಿಲ ಸುರಿದಿದ್ದವು. ಸತ್ತವರು ಸುಮಾರು ಐದು ಸಾವಿರ. ಮಗುವನ್ನು ಅವಚಿಕೊಂಡು ಹೊಸ್ತಿಲಲ್ಲೇ ಬಿದ್ದಿದ್ದ ಮುದುಕನೊಬ್ಬನ ಚಿತ್ರ ಅದರಲ್ಲಿತ್ತು.

1991ರ ಜನವರಿ 17ರಂದು ಬಾಂಬ್ ದಾಳಿ ಆರಂಭವಾಯಿತು. ಅದಕ್ಕೆ ಸ್ವಲ್ಪ ಮುಂಚೆ ಸದ್ದಾಂ ತನ್ನ ದೇಶದ ಬಾವುಟದ ಮೇಲೆ 'ಅಲ್ಲಾಹು ಅಕ್ಬರ್' ಎಂದು ಬರೆಸಿದ್ದ. ಒಂದು ಸಂಜೆ ಬೆಂಚಿನ ಮೇಲಿದ್ದ ಹಿರಿಯರೊಬ್ಬರು ಮತ್ತೆ ಸಲಾಹುದ್ದೀನನ ಹೆಸರೆತ್ತಿದರು. ಇಬ್ಬರೂ ತಿಕ್ರೀತಿನವರೇ ಎಂದರು. ನನಗೆ ತಡೆಯಲಾಗಲಿಲ್ಲ. "ಸಲಾಹುದ್ದೀನ್ ಕುರ್ದ್ ಆಗಿದ್ದರು ಚಾಚಾ. ಈಗ ಬದುಕಿದ್ದಿದ್ದರೆ ಈ ಸದ್ದಾಂ ಅವರ ಮೇಲೂ ವಿಷಾನಿಲ ಬಿಡುತ್ತಿದ್ದ" ಎಂದುಬಿಟ್ಟೆ.

ಹೊಲಿಗೆ ಯಂತ್ರ ನಿಂತಿತು. ಅಬ್ಬಾ ಕತ್ತರಿ ಕೆಳಗಿಟ್ಟು, "ನಿನಗೇನು ಗೊತ್ತು! ನಿನ್ನೆ ಮೊನ್ನೆ ಹುಟ್ಟಿದವಳು. ಮನೆಗೆ ನಡಿ" ಎಂದರು. ಆಮೇಲೆ ಹಲವು ದಿನ ನನ್ನೊಂದಿಗೆ ಮಾತಿಲ್ಲ. ಕನ್ನಡ ಪತ್ರಿಕೆ ಮಡಚಿದಂತೆಯೇ ಬಿದ್ದಿರುತ್ತಿತ್ತು. ನಾನು ಗೆದ್ದೆನೆಂದುಕೊಂಡಿದ್ದೆ. ಹದಿನಾಲ್ಕರ ವಯಸ್ಸಿನ ಗೆಲುವು.

ಆ ಗೆಲುವು ಫೆಬ್ರವರಿ 13ಕ್ಕೆ ಮುಗಿಯಿತು. ಬಾಗ್ದಾದಿನ ಆಮಿರಿಯಾ ಎಂಬಲ್ಲಿ ಬಾಂಬಿಗೆ ಹೆದರಿ ಜನ ಮಲಗಿದ್ದ ಆಸರೆಯ ಮೇಲೆಯೇ ಅಮೆರಿಕದ ಎರಡು ಬಾಂಬುಗಳು ಬಿದ್ದವು. ನಾನೂರಕ್ಕೂ ಹೆಚ್ಚು ಜನ ಸತ್ತರು. ಬಹಳಷ್ಟು ಹೆಂಗಸರು, ಮಕ್ಕಳು. ರಾತ್ರಿ ರೇಡಿಯೋದಲ್ಲಿ ಸುದ್ದಿ ಕೇಳಿ ಮನೆಗೆ ಬಂದ ಅಬ್ಬಾ ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ಕೂತರು. ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. "ಆ ಮಕ್ಕಳು ಯಾವ ಕುವೈತನ್ನು ಗೆದ್ದಿದ್ದವು ಬೇಟಿ?" ಎಂದು ಕೇಳಿದರು. ಹಲಬ್ಜಾದ ಮುದುಕನ ಚಿತ್ರ ಹುಡುಕಿ ತಂದಿದ್ದ ನನ್ನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಸದ್ದಾಂ ಕೆಟ್ಟವನೆಂದು ಸಾಧಿಸುವ ಭರದಲ್ಲಿ, ಆ ನಾಲ್ಕು ವಾರ ಬಾಗ್ದಾದಿನಲ್ಲಿ ಜನರಿದ್ದಾರೆಂಬುದನ್ನೇ ನಾನು ಮರೆತಿದ್ದೆ. ಅಬ್ಬಾರಿಗೆ ಹಲಬ್ಜಾ ಕಂಡಿರಲಿಲ್ಲ, ನನಗೆ ಬಾಗ್ದಾದ್ ಕಂಡಿರಲಿಲ್ಲ.

* * *

ಪಟ ಮುಂದೆ ಯಾವಾಗಲೋ ಗೋಡೆಯಿಂದ ಮಾಯವಾಯಿತು. ಅದರ ಬಗ್ಗೆ ನಾವಿಬ್ಬರೂ ಮಾತಾಡಲಿಲ್ಲ. ಮಾತಾಡಿದ್ದು ಹದಿನೈದು ವರ್ಷಗಳ ನಂತರ, 2006ರ ಡಿಸೆಂಬರ್ 30ರಂದು. ಸದ್ದಾಮನನ್ನು ಗಲ್ಲಿಗೇರಿಸಿದ ದಿನ. ನಮ್ಮಲ್ಲಿ ಬಕ್ರೀದ್ ಇನ್ನೂ ಬಂದಿರಲಿಲ್ಲ, ಅರಬ್ ನಾಡಿನಲ್ಲಿ ಅಂದೇ ಈದ್. ನಾನು ತವರಿನಲ್ಲಿದ್ದೆ. ಟಿವಿಯಲ್ಲಿ ಆ ಹಗ್ಗವನ್ನು ಮತ್ತೆ ಮತ್ತೆ ತೋರಿಸುತ್ತಿದ್ದರು. ಅಬ್ಬಾ ಟಿವಿ ಆರಿಸಿ ಹೇಳಿದರು: "ಅವನ ಬಗ್ಗೆ ನೀನು ಹೇಳಿದ್ದು ಸರಿ ಇತ್ತು. ಆದರೆ ಹಬ್ಬದ ದಿನ ಹೀಗೆ ಮಾಡಬಾರದಿತ್ತು."

"ಹಾಗಾದರೆ ಆ ಪಟ ಯಾಕೆ ಹಾಕಿದಿರಿ ಅಬ್ಬಾ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಸಂಗತಿ ಹೇಳಿದರು. ಅದುವರೆಗೆ ಅಮ್ಮಾನಿಗೂ ಹೇಳಿರಲಿಲ್ಲ. 1990ರ ಅಕ್ಟೋಬರಿನಲ್ಲಿ ದಾವಣಗೆರೆಯಲ್ಲಿ ಗಲಭೆಯಾದಾಗ ಅವರು ಅಲ್ಲಿದ್ದರು. ರಥಯಾತ್ರೆಯ ಕಾಲ. ಬಟ್ಟೆ ತರಲು ಹೋದವರು ಒಬ್ಬ ಜವಳಿ ಸಾಹುಕಾರರ ಗೋದಾಮಿನಲ್ಲಿ ಬಟ್ಟೆ ಥಾನುಗಳ ಹಿಂದೆ ಎರಡು ರಾತ್ರಿ ಕೂತಿದ್ದರು. ಹೊರಗಿನ ಕೂಗು ಕೇಳುತ್ತಿತ್ತು. ಮನೆಯಲ್ಲಿ ನಮಗೆ ಹೇಳಿದ್ದು, ಬಸ್ಸಿರಲಿಲ್ಲ ಎಂದು.

"ಗಂಡಸಾಗಿ ಹುಟ್ಟಿ ಇಲಿಯ ಹಾಗೆ ಕೂತಿದ್ದೆ. ಹೊರಗೆ ಬಂದ ಮೇಲೆ, ನಮ್ಮವನೊಬ್ಬ ಯಾರಿಗೂ ಹೆದರದೆ ನಿಂತಿರುವುದನ್ನು ಕಣ್ಣಲ್ಲಿ ನೋಡಬೇಕು ಅನಿಸಿತು. ನಿಂತವನು ಎಂಥವನು ಅಂತ ನೋಡಲಿಲ್ಲ" ಎಂದರು.

ಆ ಪಟಕ್ಕೂ ಬಾಗ್ದಾದಿಗೂ ಅಷ್ಟೇನೂ ಸಂಬಂಧವಿರಲಿಲ್ಲ. ಅದನ್ನು ಮೊಳೆಗೆ ತೂಗುಹಾಕಿದ್ದು ದಾವಣಗೆರೆಯ ಆ ಎರಡು ರಾತ್ರಿಗಳು. ಇದನ್ನು ತಿಳಿಯದೆ, ಹದಿನಾಲ್ಕರ ಹುಡುಗಿ ನಾಲ್ಕು ಜನರ ಎದುರು ತಂದೆಗೆ ಇತಿಹಾಸ ಪಾಠ ಮಾಡಿದ್ದಳು. ಅವಳು ಹೇಳಿದ್ದು ನಿಜವೇ. ಆದರೆ ತಂದೆಯನ್ನು ಅವಳು ಏನೂ ಕೇಳಿರಲಿಲ್ಲ.

* * *

ಮಗಳೊಂದಿಗೆ ಜಗಳವಾದ ಮೇಲೆ ಮೂರು ರಾತ್ರಿ ನಾನೂ ಓದಿದೆ. ಸುಡಾನಿನಲ್ಲಿ 2023ರ ಏಪ್ರಿಲ್ 15ರಿಂದ ಅಲ್ಲಿನ ಸೈನ್ಯಕ್ಕೂ, ಕ್ಷಿಪ್ರ ಬೆಂಬಲ ಪಡೆ ಎಂಬ ಅರೆಸೇನೆಗೂ ಯುದ್ಧ. ಆ ಪಡೆ ಇಪ್ಪತ್ತು ವರ್ಷಗಳ ಹಿಂದೆ ಡಾರ್ಫುರ್ ಪ್ರಾಂತದ ಹಳ್ಳಿಗಳನ್ನು ಸುಟ್ಟ ಜಂಜಾವೀದರಿಂದ ಬೆಳೆದದ್ದು. ಮನೆಮಠ ಬಿಟ್ಟವರು ಕೋಟಿಗೂ ಹೆಚ್ಚು. ಅಲ್-ಫಾಶಿರ್ ಉತ್ತರ ಡಾರ್ಫುರ್‌ನ ರಾಜಧಾನಿ. ಒಂದೂವರೆ ವರ್ಷದ ಮುತ್ತಿಗೆಯಲ್ಲಿ ಆ ಊರಿನ ಜನ ಅಂಬಾಝ್ ತಿಂದು ಬದುಕಿದರು ಎಂದು ಓದಿದೆ. ಅಂಬಾಝ್ ಎಂದರೆ ಏನೆಂದು ಹುಡುಕಿದರೆ, ನಾವು ಹಸುವಿಗೆ ಹಾಕುವ ಶೇಂಗಾ ಹಿಂಡಿ! 2025ರ ಸೆಪ್ಟೆಂಬರ್ 19ರಂದು ಅಲ್ಲಿನ ಒಂದು ಮಸೀದಿಯಲ್ಲಿ ಫಜರ್ ನಮಾಜಿಗೆ ಸೇರಿದ್ದವರ ಮೇಲೆ ಡ್ರೋನ್ ದಾಳಿಯಾಗಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಅಕ್ಟೋಬರ್ 26ರಂದು ಊರು ಆ ಪಡೆಯ ಕೈಗೆ ಬಿತ್ತು. ಅಲ್ಲಿನ ಹೆರಿಗೆ ಆಸ್ಪತ್ರೆಯೊಂದರಲ್ಲೇ ರೋಗಿಗಳು ಮತ್ತು ಅವರ ಜೊತೆಗಿದ್ದವರು ಸೇರಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆ ಪಡೆಗೆ ಆಯುಧ ಕೊಡುತ್ತಿರುವುದು ಎಮಿರೇಟ್ಸ್ ಎಂಬ ಆರೋಪವಿದೆ. ಎಮಿರೇಟ್ಸ್ ಅದನ್ನು ನಿರಾಕರಿಸುತ್ತಲೇ ಬಂದಿದೆ. ಸುಡಾನಿನ ಚಿನ್ನದ ದಾರಿಯ ಬಗ್ಗೆ ಮಗಳು ಹೇಳಿದ್ದು ಮಾತ್ರ ಸುಳ್ಳಲ್ಲ. ಆ ಚಿನ್ನದಲ್ಲಿ ಎರಡೂ ಪಕ್ಷಗಳಿಗೆ ಪಾಲಿದೆ.

ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಯುದ್ಧ ಶುರುವಾದಾಗ ಆ ಅಲ್-ಫಾಶಿರ್‌ನಲ್ಲಿ ನಮ್ಮ ಜನ ಸಿಕ್ಕಿಬಿದ್ದಿದ್ದರು! ಶಿವಮೊಗ್ಗ, ಚನ್ನಗಿರಿ, ಹುಣಸೂರು ಕಡೆಯ ಹಕ್ಕಿಪಿಕ್ಕಿಗಳು. ತಲೆಗೂದಲಿನ ಎಣ್ಣೆ, ನಾಟಿ ಔಷಧಿ ಮಾರಲು ಅಷ್ಟು ದೂರ ಹೋದವರು. ಊಟ ನೀರಿಲ್ಲದೆ ಬಾಡಿಗೆ ಕೋಣೆಗಳಲ್ಲಿ ಕೂತು ಊರಿಗೆ ಫೋನ್ ಮಾಡುತ್ತಿದ್ದುದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಆಮೇಲೆ 'ಆಪರೇಷನ್ ಕಾವೇರಿ' ಹೆಸರಿನಲ್ಲಿ ಸರಕಾರ ಸುಡಾನಿನಿಂದ 3,800ಕ್ಕೂ ಹೆಚ್ಚು ಜನರನ್ನು ಬಂದರಿಗೆ ತಂದು, ಜಿದ್ದಾ ಮೂಲಕ ಕರೆತಂದಿತು. ಆ ಸುದ್ದಿಯನ್ನು ನಾನೂ ಓದಿದ್ದಿರಬೇಕು. ನಮ್ಮವರು ವಾಪಸು ಬಂದ ದಿನ ಆ ಊರನ್ನು ಮರೆತಿದ್ದೆ. ಉಳಿದವರು ಅಲ್ಲಿಯೇ ಇದ್ದರು.

ನಾಲ್ಕನೆಯ ದಿನ ಮಗಳ ಕೋಣೆಗೆ ಹೋದೆ. "ನಿನ್ನ ಊರಿನ ಬಗ್ಗೆ ಓದಿದೆ" ಎಂದೆ. ಪುಸ್ತಕ ಮುಚ್ಚಿದಳು. ಆದರೆ ನಾನು ಸೋಲೊಪ್ಪಿಕೊಳ್ಳಲು ಹೋಗಿರಲಿಲ್ಲ, ನನಗೂ ಹೇಳುವುದಿತ್ತು.

"ಗಾಝಾಕ್ಕೆ ನಾನು ಜೋರಾಗಿ ಅಳುವುದಕ್ಕೆ ಕಾರಣವಿದೆ. 2025ರ ಅಕ್ಟೋಬರ್ ಹೊತ್ತಿಗೆ ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಲ್ಲೇ 67 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ದೊಡ್ಡ ದೊಡ್ಡ ದೇಶಗಳು ಬಹಿರಂಗವಾಗಿಯೇ ಕೊಂದವರ ಜೊತೆ ನಿಂತಿವೆ. ಅಷ್ಟೇ ಅಲ್ಲ. ಸುಡಾನಿನಲ್ಲಿ ಮಕ್ಕಳು ಸತ್ತರೆ ನಮ್ಮ ಬೀದಿಯಲ್ಲಿ ಯಾರೂ ನಗುವುದಿಲ್ಲ. ಗಾಝಾದ ಮಕ್ಕಳು ಸತ್ತಾಗ ನಕ್ಕವರನ್ನು ನಾನು ಬಸ್ಸಿನಲ್ಲಿ, ನನ್ನ ಪಕ್ಕದ ಸೀಟಿನಲ್ಲಿ ನೋಡಿದ್ದೇನೆ."

ಮಗಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಅದು ನಮ್ಮ ಬಸ್ಸಿನ ನೋವಲ್ಲವಾ ಅಮ್ಮಿ? ಗಾಝಾದ್ದು ಅಲ್ಲವಲ್ಲ" ಎಂದಳು. ವಾದ ಮಾಡುವ ದನಿಯಲ್ಲಿ ಅಲ್ಲ. ಆಮೇಲೆ, "ಬಸ್ಸಿನಲ್ಲಿ ಹಾಗಾದದ್ದು ನನಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದಳು.

ಅಬ್ಬಾರನ್ನು ನಾನು ಕೇಳದೆ ಬಿಟ್ಟ ಪ್ರಶ್ನೆ ಅದು. ಅವಳಿಗೆ ದಾವಣಗೆರೆಯ ಗೋದಾಮಿನ ಕತೆ ಹೇಳಿದೆ. ತನ್ನ ನಾನಾ ಥಾನುಗಳ ಹಿಂದೆ ಕೂತಿದ್ದುದನ್ನು ಕೇಳಿ ಅವಳ ಕಣ್ಣು ತುಂಬಿ ಬಂತು. ನನಗೂ ಒಂದು ಮಾತು ಒಪ್ಪಿಕೊಳ್ಳಬೇಕಾಯಿತು. ನಮ್ಮ ಗಾಯ ಎಲ್ಲಿದೆಯೋ ಅಲ್ಲಿಂದಲೇ ನಾವು ಜಗತ್ತನ್ನು ನೋಡುವುದು. ಅದರಲ್ಲಿ ನಾಚಿಕೆಯೇನೂ ಇಲ್ಲ. ಗಾಝಾದ ಮೇಲಿನ ನನ್ನ ದುಃಖ ಅದರಿಂದ ಸುಳ್ಳಾಗುವುದೂ ಇಲ್ಲ. ಆದರೆ ಅಲ್ಲಿಗೇ ನಿಂತುಬಿಟ್ಟರೆ, ನಮ್ಮ ಗಾಯಕ್ಕೆ ತಾಗದ ಸಾವುಗಳು ನಮಗೆ ಸಾವಾಗಿ ಕಾಣುವುದೇ ಇಲ್ಲ. ಅಲ್-ಫಾಶಿರ್ ನನಗೆ ಕಾಣದಿದ್ದುದು ಹಾಗೆ.

ಸರದ ವಿಷಯದಲ್ಲಿ ಮಾತ್ರ ನಾವು ಒಪ್ಪಲಿಲ್ಲ. "ಕರಗಿಸಿದ ಚಿನ್ನದಲ್ಲಿ ಯಾವ ಊರಿನದೆಂದು ಹೇಗೆ ಹುಡುಕುತ್ತೀಯೆ? ನಿನ್ನ ಮಾಮುವಿನ ಸಂಬಳವೂ ಅದೇ ದೇಶದ್ದು, ಅದನ್ನೂ ಬಿಡಿಸುತ್ತೀಯಾ? ಒಂದು ಸರ ಬೇಡವೆಂದರೆ ಕೈ ತೊಳೆದಂತಾಯಿತೇ?" ಎಂದು ಕೇಳಿದೆ. ಅವಳ ಬಳಿ ಉತ್ತರವಿರಲಿಲ್ಲ. "ಗೊತ್ತಿಲ್ಲ. ಆದರೆ ಗೊತ್ತಾದ ಮೇಲೂ ಹಾಕಿಕೊಳ್ಳುವುದು ನನ್ನಿಂದ ಆಗುವುದಿಲ್ಲ" ಎಂದಳು.

ಆಗ ನೆನಪಾದದ್ದು ಕುವೈತಿನ ಮಾಮು. ತೊಂಬತ್ತರ ದಶಕದ ಕೊನೆಗೆ ವಿಶ್ವಸಂಸ್ಥೆಯ ಆಯೋಗದ ಮೂಲಕ ಅವರಿಗೆ ಪರಿಹಾರದ ಹಣ ಬಂದಿತ್ತು. ಇರಾಕಿನ ತೈಲ ಮಾರಿದ ಹಣದಲ್ಲಿ ಒಂದು ಪಾಲನ್ನು ಹಿಡಿದು ಕೊಡುತ್ತಿದ್ದುದು ಅದು. ಅದೇ ವರ್ಷಗಳಲ್ಲಿ ನಿರ್ಬಂಧಗಳಿಂದಾಗಿ ಇರಾಕಿನ ಆಸ್ಪತ್ರೆಗಳಲ್ಲಿ ಔಷಧಿ ಇಲ್ಲದೆ ಮಕ್ಕಳು ನರಳುತ್ತಿದ್ದರು. ಮಾಮು ಚೆಕ್ಕನ್ನು ಅಬ್ಬಾರ ಮುಂದಿಟ್ಟು, "ತಗೊಳ್ಳಲೋ ಬೇಡವೋ ಭಾಯ್?" ಎಂದು ಕೇಳಿದ್ದರು. ಅಬ್ಬಾ ಹೇಳಿದ್ದು ಇಷ್ಟೇ: "ನಿನ್ನ ಬೆವರಿನ ಹಣ, ತಗೋ. ಎಲ್ಲಿಂದ ಬಂತು ಅನ್ನುವುದನ್ನು ಮಾತ್ರ ಮರೀಬೇಡ." ಮಾಮು ಅದರಲ್ಲಿ ಒಂದು ನಿವೇಶನ ತೆಗೆದರು. ಪ್ರತಿ ರಮಝಾನಿನಲ್ಲಿ ಇರಾಕಿನ ಹೆಸರಿನಲ್ಲಿ ಒಂದಿಷ್ಟು ಸದಕಾ ತೆಗೆದಿಡುತ್ತಿದ್ದರು. ಅದು ಇರಾಕಿಗೆ ಹೋಗುತ್ತಿರಲಿಲ್ಲ, ನಮ್ಮೂರಿನ ಒಬ್ಬ ವಿಧವೆಗೆ ಹೋಗುತ್ತಿತ್ತು. ಆದರೂ ಆ ಹೆಸರು ಹೇಳಿಯೇ ಕೊಡುತ್ತಿದ್ದರು.

ಡಿಸೆಂಬರಿನಲ್ಲಿ ಸರ ಬಂತು. ಮಾಮುವಿನ ಮಗ ಮೊದಲೇ ಕೊಂಡಾಗಿತ್ತು, ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಕೆಂಪು ಡಬ್ಬಿಯಲ್ಲಿ ಬೀರುವಿನೊಳಗಿದೆ. ಮಗಳು ಅದನ್ನು ತೆರೆದು ನೋಡಿಲ್ಲ. ನಾನು ಒತ್ತಾಯಿಸಿಲ್ಲ. ಅಬ್ಬಾ ಈಗ ಇಲ್ಲ. ಇದ್ದಿದ್ದರೆ ಇಬ್ಬರನ್ನೂ ಕೂರಿಸಿ ಏನಾದರೊಂದು ಹೇಳುತ್ತಿದ್ದರೇನೋ. ಅಥವಾ ಮೊಮ್ಮಗಳು ಬರುವಾಗ ಆ ಡಬ್ಬಿಯನ್ನು ಟೇಬಲ್ಲಿನ ಕೆಳಗೆ ಇಡುತ್ತಿದ್ದರೇನೋ.

ಇಶಾ ನಮಾಜಿನ ನಂತರ ನಾನು ದುಆ ಮಾಡುವಾಗ ಸ್ವಲ್ಪ ದನಿ ಎತ್ತಿ ಮಾಡುವ ಅಭ್ಯಾಸ. ಕಾಯಿಲೆಯವರ ಹೆಸರು, ಪರೀಕ್ಷೆ ಬರೆಯುವವರ ಹೆಸರು, ಆಮೇಲೆ ಗಾಝಾ. ಕೆಲವು ದಿನಗಳ ಹಿಂದೆ ಗಾಝಾ ಎಂದು ಹೇಳಿ ನಾನು ಉಸಿರು ಎಳೆದುಕೊಂಡಾಗ ಹಿಂದಿನ ಸಾಲಿನಲ್ಲಿದ್ದ ಮಗಳು ಮೆಲ್ಲಗೆ "ಅಲ್-ಫಾಶಿರ್" ಎಂದಳು. ನಾನು ಆಮೀನ್ ಎಂದೆ. ಈಗ ಒಂದೊಂದು ದಿನ ಅವಳು ಹೇಳುವುದು ಮರೆತರೆ ನಾನೇ ಹೇಳುತ್ತೇನೆ.